ಪ್ರಾಸ್ಟೇಟ್ ಪರೀಕ್ಷೆ: ಸೂಜಿ ಯಾವ ದಾರಿಯಿಂದ?

ಅರವತ್ತು ದಾಟಿದ ಗಂಡಸರು ರಾತ್ರಿ ನಾಲ್ಕೈದು ಸಲ ಏಳುವುದು, ಮೂತ್ರದ ಧಾರೆ ಸಣ್ಣದಾಗುವುದು ಸಾಮಾನ್ಯವಾದ ಸಂಗತಿ. ಇದರ ಕಾರಣ ಬಹುಮಟ್ಟಿಗೆ ವಯೋಸಹಜವಾದ ಗ್ರಂಥಿಯ ಊತವೇ ಹೊರತು ಅರ್ಬುದವಲ್ಲ. ಆದರೂ ನಮ್ಮ ಹಿರಿಯರು ಸಂಕೋಚದಿಂದ ಮಡದಿ ಮಕ್ಕಳೊಡನೆಯೂ ಬಾಯಿ ಬಿಡುವುದಿಲ್ಲ. ಕೊನೆಗೊಮ್ಮೆ ರಕ್ತಪರೀಕ್ಷೆಯಲ್ಲಿ ಪಿ.ಎಸ್.ಎ. ಹೆಚ್ಚಾಗಿದೆಯೆಂದು ತಿಳಿದು, ವೈದ್ಯರು ಬಯಾಪ್ಸಿಯ ಮಾತೆತ್ತಿದರೆ ಮನೆಯೆಲ್ಲ ತಲ್ಲಣಗೊಳ್ಳುತ್ತದೆ. ಗಡ್ಡೆಗೆ ಸೂಜಿ ತಗುಲಿದರೆ ರೋಗ ಮೈಗೆಲ್ಲ ಹರಡುತ್ತದೆಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಈ ಗ್ರಂಥಿಯ ವಿಷಯದಲ್ಲಿ ಹಾಗಾಗುವುದು ಅತಿ ವಿರಳ. ಆ ಭಯದಿಂದ ಪರೀಕ್ಷೆಯನ್ನು ಮುಂದೂಡುವುದೇ ಹೆಚ್ಚಿನ ಅಪಾಯ. ಭಯಪಡಬೇಕಾದದ್ದು ಬೇರೊಂದಿದೆ, ಅದು ಸೋಂಕು.

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಅಕ್ರೋಟಿನ ಗಾತ್ರದಲ್ಲಿರುತ್ತದೆ. ಗುದನಾಳದೊಳಗೆ ಅಲ್ಟ್ರಾಸೌಂಡ್ ಉಪಕರಣವನ್ನಿರಿಸಿ, ಅದರ ಭಿತ್ತಿಯ ಮೂಲಕವೇ ಸೂಜಿ ತೂರಿಸಿ ಚೂರುಗಳನ್ನು ತೆಗೆಯುವುದು ರೂಢಿಯ ಪದ್ಧತಿ. 1989ರಲ್ಲಿ ಅಮೆರಿಕದ ವೈದ್ಯರು ಆರು ಕಡೆ ಕ್ರಮಬದ್ಧವಾಗಿ ಚೂರು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಅದು ಹತ್ತು ಹನ್ನೆರಡಕ್ಕೆ ಏರಿತು. ಕೆಲಸವೇನೋ ಬೇಗ ಮುಗಿಯುತ್ತದೆ. ಆದರೆ ಮಲದ ಹಾದಿಯ ಸೂಕ್ಷ್ಮಾಣುಗಳು ಸೂಜಿಯೊಡನೆ ಗ್ರಂಥಿಗೂ ರಕ್ತಕ್ಕೂ ಸೇರಬಲ್ಲವು. ಸಿಪ್ರೋಫ್ಲಾಕ್ಸಸಿನ್ ಗುಳಿಗೆ ಕೊಟ್ಟರೆ ಸಾಕೆಂಬ ಕಾಲವೊಂದಿತ್ತು. ಸಣ್ಣ ಜ್ವರಕ್ಕೂ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವ ನಮ್ಮ ನಾಡಿನಲ್ಲಿ ಆ ಗುಳಿಗೆಗೆ ಜಗ್ಗದ ಸೂಕ್ಷ್ಮಾಣುಗಳು ಹೇರಳವಾಗಿವೆ.

ಎರಡನೆಯ ದಾರಿ, ಗುದದ್ವಾರಕ್ಕೂ ವೃಷಣಕ್ಕೂ ನಡುವಿನ ಚರ್ಮದ ಮೂಲಕ. ಸಿದ್ಧಾಸನದಲ್ಲಿ ಹಿಮ್ಮಡಿಯನ್ನು ಒತ್ತಿ ಕೂರುವ ಸ್ಥಾನವೇ ಇದೆಂದರೆ ಯೋಗಾಭ್ಯಾಸಿಗಳಿಗೆ ತಟ್ಟನೆ ತಿಳಿದೀತು. ಇಲ್ಲಿ ಚರ್ಮವನ್ನು ಔಷಧದಿಂದ ಶುಚಿಗೊಳಿಸಬಹುದು. ಗ್ರಂಥಿಯ ಮುಂಭಾಗವೂ ಸೂಜಿಗೆ ಸುಲಭವಾಗಿ ಸಿಗುತ್ತದೆ. ಹಿಂದೆ ಇದಕ್ಕೆ ಪೂರ್ಣ ಅರಿವಳಿಕೆ ಬೇಕಾಗುತ್ತಿತ್ತು, ಈಗ ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಬ್ರಿಟನ್ನಿನ 10 ಆಸ್ಪತ್ರೆಗಳಲ್ಲಿ 1126 ಮಂದಿಯನ್ನು ಎರಡು ಪಂಗಡ ಮಾಡಿ ನಡೆಸಿದ ಹೋಲಿಕೆಯ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಗಮನಿಸಬೇಕಾದ ಅರ್ಬುದವು ಚರ್ಮದ ದಾರಿಯಲ್ಲಿ ಶೇ. 60 ಮಂದಿಯಲ್ಲಿ, ಗುದನಾಳದ ದಾರಿಯಲ್ಲಿ ಶೇ. 54 ಮಂದಿಯಲ್ಲಿ ಪತ್ತೆಯಾಯಿತು. ಸೋಂಕಿನಿಂದ ಆಸ್ಪತ್ರೆ ಸೇರಿದವರೂ ಚರ್ಮದ ದಾರಿಯವರಲ್ಲೇ ಕಡಿಮೆ. ಆದರೆ ನೋವು ಮುಜುಗರಗಳು ಆ ದಾರಿಯಲ್ಲಿಯೇ ತುಸು ಹೆಚ್ಚು, ಇದನ್ನು ಮುಚ್ಚಿಡಬಾರದು.

ಹಾಗೆಂದು ಹಳೆಯ ಪದ್ಧತಿಯ ವೈದ್ಯರನ್ನು ಹಗುರವಾಗಿ ಕಾಣಬೇಕಿಲ್ಲ. ಮೊದಲೇ ಗುದನಾಳದಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿಯನ್ನು ಬೆಳೆಸಿ ನೋಡಿ, ಯಾವ ಔಷಧಕ್ಕೆ ಸೂಕ್ಷ್ಮಾಣು ಬಗ್ಗುವುದೋ ಅದನ್ನೇ ಕೊಡುವ ಕ್ರಮವುಂಟು. 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ಎಚ್ಚರ ವಹಿಸಿದಾಗ ಗುದನಾಳದ ದಾರಿಯವರಲ್ಲಿ ಶೇ. 1.4 ಮಂದಿಗೆ ಮಾತ್ರ ಸೋಂಕು ತಗುಲಿತು. ಚರ್ಮದ ದಾರಿಯವರಲ್ಲಿ, ಮುಂಜಾಗ್ರತೆಯ ಆ್ಯಂಟಿಬಯಾಟಿಕ್ ಇಲ್ಲದೆಯೂ, ಒಬ್ಬರಿಗೂ ತಗುಲಲಿಲ್ಲ. ಎರಡೂ ಸೌಕರ್ಯವಿರುವಲ್ಲಿ ಚರ್ಮದ ದಾರಿಯನ್ನೇ ಕೇಳಿ ಪಡೆಯುವುದು ಲೇಸೆಂದು ನನ್ನ ಅಭಿಪ್ರಾಯ. ಅದಿಲ್ಲದ ಊರಿನಲ್ಲಿ ಈ ಮುನ್ಪರೀಕ್ಷೆಯ ಬಗ್ಗೆ ವಿಚಾರಿಸಬೇಕು.

ಸೂಜಿಗಿಂತ ಮೊದಲೇ ಎಂ.ಆರ್.ಐ. ಮಾಡಿಸಬಹುದೇ ಎಂದೂ ಕೇಳಿರಿ. 500 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಮೊದಲು ಎಂ.ಆರ್.ಐ. ಮಾಡಿಸಿಕೊಂಡವರಲ್ಲಿ ಶೇ. 28 ಮಂದಿಗೆ ಸೂಜಿಯ ಅಗತ್ಯವೇ ಬೀಳಲಿಲ್ಲ. ಗಂಭೀರ ಅರ್ಬುದವು ಅವರ ಪಂಗಡದಲ್ಲಿ ಶೇ. 38, ರೂಢಿಯ ಬಯಾಪ್ಸಿಯವರಲ್ಲಿ ಶೇ. 26 ಪತ್ತೆಯಾಯಿತು. ಖರ್ಚು ಹೆಚ್ಚು, ನಿಜ. ಆದರೆ ಅನಗತ್ಯವಾದ ಹನ್ನೆರಡು ಚುಚ್ಚುಗಳೂ ಪುಕ್ಕಟೆಯಲ್ಲ.

ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆ, ಹಿಂದಿನ ಮೂತ್ರದ ಸೋಂಕು ಇವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಬಯಾಪ್ಸಿಯ ನಂತರ ಮೂತ್ರದಲ್ಲಿ ಕೆಲವು ದಿನ, ವೀರ್ಯದಲ್ಲಿ ಕೆಲವು ವಾರ ರಕ್ತದ ಬಣ್ಣ ಕಂಡರೆ ಗಾಬರಿ ಬೇಡ. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಜೊತೆಗೆ ಹೋಗುವ ಮಗನೋ ಸೊಸೆಯೋ ಬಯಾಪ್ಸಿಯಾದ ದಿನಾಂಕದ ಚೀಟಿಯನ್ನು ಕೈಯಲ್ಲಿಟ್ಟುಕೊಂಡಿರಲಿ.