ಚಿತ್ರವನ್ನು ಓದುವ ವಿದ್ಯೆ

ವೃತ್ತಿಯಲ್ಲಿ ನೆಲೆನಿಂತ ವೈದ್ಯರನ್ನು ಎರಡು ಮೂರು ದಿನ ಒಂದೆಡೆ ಸೇರಿಸಿ, ಸ್ತನದ ಚಿತ್ರ ತೆಗೆಯುವುದನ್ನೂ ಅದನ್ನು ಓದುವುದನ್ನೂ ಕೈಯಾರೆ ಮಾಡಿಸಿ ಕಲಿಸುವ ಶಿಬಿರಗಳು ಈಗ ಅಪೂರ್ವವಲ್ಲ. ಇವುಗಳ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಮೂರು ದಿನದಲ್ಲಿ ಯಾವ ವಿದ್ಯೆ ಬಂದೀತು?' ಎಂದು ಮೂಗು ಮುರಿಯುವವರು ಕೆಲವರು. 'ಇಷ್ಟಾದರೂ ನಡೆಯಿತಲ್ಲ' ಎಂದು ಸಮಾಧಾನ ತಾಳುವವರು ಮತ್ತೆ ಕೆಲವರು. ನಾನು ವೈದ್ಯನಲ್ಲ, ಪುತ್ತಿಗೆಯ ಸೀಮೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವನು. ಆದರೆ ಪ್ರಶ್ನೆ ಮೂಲತಃ ಕಲಿಕೆಯದು. ಆದುದರಿಂದ ಉಪಾಧ್ಯಾಯನಾದವನೂ ಒಂದು ಮಾತು ಹೇಳಿದರೆ ತಪ್ಪಾಗದು.

ಮೊದಲು ಈ ವಿದ್ಯೆಯ ಸ್ವರೂಪವನ್ನು ನೋಡೋಣ. ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ ಹಿಡಿದು, ಮೃದುವಾದ ಕ್ಷ-ಕಿರಣವನ್ನು ಹಾಯಿಸಿ ಚಿತ್ರ ತೆಗೆಯುತ್ತಾರೆ, ಇದೇ ಮ್ಯಾಮೊಗ್ರಾಂ. ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ; ಹಾಲಿನ ಗ್ರಂಥಿಯೂ ಬೆಳ್ಳಗೆ, ರೋಗದ ಗಂಟೂ ಬೆಳ್ಳಗೆ. ಮಂಜಿನಲ್ಲಿ ಬೆಳ್ಳಕ್ಕಿಯನ್ನು ಹುಡುಕುವ ಕೆಲಸ ಇದು. ಕೆಲವೊಮ್ಮೆ ಕಾಣಬೇಕಾದದ್ದು ಗಂಟೂ ಅಲ್ಲ, ಮರಳಿನ ಕಣಕ್ಕಿಂತ ಸಣ್ಣ ಸುಣ್ಣದ ಚುಕ್ಕೆಗಳು. ವಯಸ್ಸು ಕಡಿಮೆಯಾದಷ್ಟೂ ಗ್ರಂಥಿ ದಟ್ಟವಾಗಿರುವುದರಿಂದ ಮಂಜೂ ದಟ್ಟ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಒಂದು ಚಿತ್ರವನ್ನೇ ನಂಬಿ ಕೂಡುವಂತಿಲ್ಲ. ಬೆರಳಿನ ಪರೀಕ್ಷೆಯೂ ಬೇಕು, ಸ್ಕ್ಯಾನಿಂಗೂ ಬೇಕು, ಅನುಮಾನವಿದ್ದಲ್ಲಿ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿಯೂ ಬೇಕು.

ಅಲ್ಪಾವಧಿಯ ತರಬೇತಿಯನ್ನು ಹಗುರವಾಗಿ ಕಾಣುವವರು ಇದರ ಚರಿತ್ರೆಯನ್ನು ನೆನೆಯಬೇಕು. 1913ರಲ್ಲಿ ಬರ್ಲಿನ್ನಿನ ಆಲ್ಬರ್ಟ್ ಸಾಲೊಮನ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದನು. 1960ರಲ್ಲಿ ಅಮೆರಿಕದ ಹೂಸ್ಟನ್ನಿನ ರಾಬರ್ಟ್ ಈಗನ್, ಸ್ಪಷ್ಟವಾದ ಚಿತ್ರ ಪಡೆಯುವ ಕ್ರಮವನ್ನು ಪ್ರಕಟಿಸಿದನು. ಆಗ ಎದ್ದ ಸಂದೇಹ ಇದು: ಇದು ಒಬ್ಬನ ಕೈಗುಣವೋ, ಇತರರಿಗೂ ಕಲಿಸಬಹುದಾದ ಕಸುಬೋ? ಆ ಕ್ರಮವನ್ನು ಕಲಿತವರಿಂದ 24 ಸಂಸ್ಥೆಗಳಲ್ಲಿ ಅದನ್ನು ಒರೆಗೆ ಹಚ್ಚಿ ನೋಡಿದರು. ಕಲಿಸಿದರೆ ಬರುತ್ತದೆ ಎಂಬ ತೀರ್ಮಾನ 1965ರಲ್ಲಿ ಹೊರಬಂದಿತು. ಆದರೆ ಕಲಿತವರು ಯಾರು? ಅದಾಗಲೇ ಕ್ಷ-ಕಿರಣ ಚಿತ್ರಗಳನ್ನು ನೋಡಿ ನೋಡಿ ಕಣ್ಣು ಪಳಗಿದ ತಜ್ಞರು. ಈ ಎರಡನೆಯ ಮಾತನ್ನು ಮರೆತರೆ ಮೊದಲನೆಯದು ಅಪಾಯಕಾರಿಯಾಗುತ್ತದೆ.

ನಮ್ಮ ಮೂಡುಬಿದಿರೆಯಲ್ಲಿ ಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಹಳೆಯ ಲಿಪಿಯ ಅಕ್ಷರಗಳನ್ನು ಜಾಣ ವಿದ್ಯಾರ್ಥಿಯೊಬ್ಬನಿಗೆ ಕೆಲವೇ ದಿನಗಳಲ್ಲಿ ಗುರುತು ಮಾಡಿಕೊಡಬಹುದು. ಅಷ್ಟರಿಂದ ಅವನು ಹುಳು ತಿಂದ ಗರಿಯೊಂದನ್ನು ಓದಬಲ್ಲನೆ? ನೂರಾರು ಗರಿಗಳನ್ನು ಬಲ್ಲವರ ಪಕ್ಕದಲ್ಲಿ ಕುಳಿತು ಓದಿ, ತಪ್ಪಿ, ತಿದ್ದಿಸಿಕೊಂಡ ಮೇಲೆ ತಾನೆ ಆ ಬಲ ಬರುವುದು! ಚಿತ್ರವನ್ನು ಓದುವುದಕ್ಕೂ ಇದೇ ನ್ಯಾಯ. ಅಮೆರಿಕದಲ್ಲಿ 1992ರ ಕಾನೂನಿನಡಿ ಮಾಡಿದ ನಿಯಮಗಳು, ಮ್ಯಾಮೊಗ್ರಾಂ ಓದುವ ವೈದ್ಯನಿಗೆ 60 ಗಂಟೆಗಳ ಪಾಠವನ್ನೂ, ಆರು ತಿಂಗಳಲ್ಲಿ ಹಿರಿಯರ ಕಣ್ಣಳತೆಯಲ್ಲಿ 240 ಚಿತ್ರಗಳ ಓದನ್ನೂ ವಿಧಿಸಿವೆ. ಆಮೇಲೆಯೂ ಎರಡು ವರ್ಷಕ್ಕೆ 960 ಚಿತ್ರಗಳನ್ನು ಓದುತ್ತಲೇ ಇರಬೇಕು. ಬ್ರಿಟನ್ನಿನ ತಪಾಸಣಾ ಯೋಜನೆಯಲ್ಲಿ ಓದುಗನಿಗೆ ವರ್ಷಕ್ಕೆ 5000 ಚಿತ್ರಗಳ ಕಟ್ಟಳೆ. ವಿದ್ಯೆ ಶಿಬಿರದಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಲ್ಲಿ ಪಣಕ್ಕೆ ಬೀಳುವುದು ವೈದ್ಯನ ಪ್ರತಿಷ್ಠೆಯಲ್ಲ. ಮನೆಯ ಜಗಲಿಯಲ್ಲಿ ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುವ ಹೆಂಗಸನ್ನು ನೆನೆಯಿರಿ. ಗಂಟು ಕೈಗೆ ತಾಗಿದ ಮೇಲೂ ನಾಚಿಕೆಯಿಂದ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಮೂಡುಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿಲೋಮೀಟರ್; ಹೋಗಿಬಂದರೆ ಒಂದು ದಿನದ ಮಜೂರಿ ಹೋಯಿತು. ಇಷ್ಟನ್ನೂ ದಾಟಿ ಬಂದವಳಿಗೆ ವೈದ್ಯರು 'ಏನೂ ಇಲ್ಲ' ಎಂದುಬಿಟ್ಟರೆ ಅವಳು ಮರಳಿ ಬರುವುದುಂಟೆ? ನಾನು ಬಲ್ಲ ಒಬ್ಬಾಕೆಗೆ ಹೀಗೆಯೇ ಆಯಿತು. ಚಿತ್ರ ಶುದ್ಧವಾಗಿದೆಯೆಂದು ಕಳುಹಿಸಿಕೊಟ್ಟರು. ಗಂಟು ಕೈಗೆ ಸಿಗುತ್ತಿದ್ದರೂ ಸೂಜಿ ಪರೀಕ್ಷೆಯ ಮಾತು ಎತ್ತಲಿಲ್ಲ. 'ಡಾಕ್ಟ್ರೇ ಏನೂ ಇಲ್ಲ ಅಂದಿದ್ದಾರೆ ಮಾಸ್ಟ್ರೇ' ಎಂದು ಒಂದು ವರ್ಷ ನೆಮ್ಮದಿಯಾಗಿದ್ದಳು. ಆ ವರ್ಷವನ್ನು ಅವಳಿಗೆ ಯಾರೂ ಹಿಂದಿರುಗಿಸಲಾರರು. ಕೈಗೆ ಸಿಗುವ ಗಂಟನ್ನು ಶುದ್ಧವಾದ ಚಿತ್ರವೊಂದೇ ನಿರ್ದೋಷಿಯೆಂದು ಬಿಡುಗಡೆ ಮಾಡಲಾರದು. ಮೂರು ದಿನದಲ್ಲಿ ಕಲಿಸಬೇಕಾದ ಮೊದಲ ಪಾಠ ಇದೇ.

ಹಾಗಾದರೆ ಶಿಬಿರಗಳೇ ಬೇಡವೆ? ಖಂಡಿತ ಬೇಕು. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಲ್ಲಿ ಹೊಸದಾಗಿ ಈ ಕಾಯಿಲೆ ಕಾಣಿಸಿಕೊಂಡಿತೆಂದು ಅಂದಾಜು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಒಂದೂವರೆ ಲಕ್ಷ ಹೆಂಗಸರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಯ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗಿತ್ತು. ಐವತ್ತರೊಳಗಿನವರಲ್ಲಿ ಆ ಲಾಭ ಕಾಣಲಿಲ್ಲ. ಸಾಮಾನ್ಯರ ಕೈಗೂ ಸರಿಯಾಗಿ ಕಲಿಸಿದರೆ ಫಲವುಂಟು. ಫಲಕ್ಕೆ ಮಿತಿಯೂ ಉಂಟು.

ನನ್ನ ಸೂಚನೆ ಇಷ್ಟೆ. ಎಲ್ಲ ವೈದ್ಯರಿಗೂ ಒಂದೇ ಶಿಬಿರ ಬೇಡ. ಹಳ್ಳಿಯ ವೈದ್ಯನಿಗೆ ಬೆರಳಿನ ಪರೀಕ್ಷೆಯನ್ನು ಕಲಿಸಲಿ. ಯಾರಿಗೆ ಮ್ಯಾಮೊಗ್ರಾಂ, ಯಾರಿಗೆ ಸ್ಕ್ಯಾನಿಂಗ್ ಎಂಬುದನ್ನು ತಿಳಿಸಲಿ. ವರದಿಯ ಕೊನೆಯಲ್ಲಿ ಬರುವ ಬೈರಾಡ್ಸ್ ಅಂಕೆಯ ಅರ್ಥವನ್ನು ಮನದಟ್ಟು ಮಾಡಿಸಲಿ. ಸೊನ್ನೆಯೆಂದರೆ ರೋಗವಿಲ್ಲವೆಂದಲ್ಲ, ಪರೀಕ್ಷೆ ಪೂರ್ತಿಯಾಗಿಲ್ಲವೆಂದು. ನಾಲ್ಕು, ಐದು ಎಂದರೆ ಬಯಾಪ್ಸಿಗೆ ತಡ ಮಾಡಬಾರದೆಂದು. ಇದಕ್ಕೆ ಮೂರು ದಿನ ಸಾಕು. ಚಿತ್ರವನ್ನೇ ಓದಬೇಕೆನ್ನುವ ಕ್ಷ-ಕಿರಣ ತಜ್ಞನಿಗಾದರೋ, ಪರಿಣಾಮ ಗೊತ್ತಿರುವ ಹಳೆಯ ಚಿತ್ರಗಳ ರಾಶಿಯನ್ನೇ ಮುಂದಿಟ್ಟು, ಅವನ ತೀರ್ಪನ್ನು ನಿಜದೊಡನೆ ತಾಳೆ ನೋಡಬೇಕು. ಊರಿಗೆ ಮರಳಿದ ಮೇಲೆ ಆರು ತಿಂಗಳಾದರೂ ಅವನ ಓದನ್ನು ಹಿರಿಯರು ತಿದ್ದಬೇಕು. ಚಿತ್ರ ಕ್ಷಣದಲ್ಲಿ ತಂತಿಯ ಮೇಲೆ ಸಾಗುವ ಈ ಕಾಲದಲ್ಲಿ, 1953ರಿಂದ ವೈದ್ಯರನ್ನು ತಯಾರಿಸುತ್ತ ಬಂದ ಮಣಿಪಾಲ ಮತ್ತು ಹಲವು ಕಾಲೇಜುಗಳಿರುವ ಮಂಗಳೂರು ನಮಗೆ ಇಷ್ಟು ಸಮೀಪದಲ್ಲಿರುವಾಗ, ಇದು ಅಸಾಧ್ಯವೆನ್ನಲಾಗದು.

ಶಿಬಿರ ಮುಗಿದ ಮರುದಿನ ಎಷ್ಟು ವೈದ್ಯರು ಭಾಗವಹಿಸಿದರೆಂದು ಪತ್ರಿಕೆಗಳಿಗೆ ತಿಳಿಸುವುದು ವಾಡಿಕೆ. ಒಂದು ವರ್ಷ ಕಳೆದ ಮೇಲೆ ಇನ್ನೊಂದು ಲೆಕ್ಕವನ್ನೂ ತಿಳಿಸಲಿ: ಆ ವೈದ್ಯರು ಎಷ್ಟು ಮಂದಿ ಹೆಂಗಸರನ್ನು ಮುಂದಿನ ಪರೀಕ್ಷೆಗೆ ಕಳುಹಿಸಿದರು, ಅವರಲ್ಲಿ ಎಷ್ಟು ಮಂದಿಯ ರೋಗ ಸಣ್ಣದಿರುವಾಗಲೇ ಸಿಕ್ಕಿತು, ಎಷ್ಟು ತಪ್ಪಿಹೋಯಿತು ಎಂದು. ಪರೀಕ್ಷೆಯಿಲ್ಲದ ಪಾಠವನ್ನು ನಾವು ಶಾಲೆಯಲ್ಲಿಯೂ ಒಪ್ಪುವುದಿಲ್ಲವಷ್ಟೆ.