ಕೌದಿ ಹೊಲಿಯೋ ಕೈಗೆ ವಿಡಿಯೋ ಜೋಡಿಸೂದು ಬರೂದಿಲ್ಲೇನು?

ಅಕ್ಕಾರ, ತಂಗೇರ, ವೈನಿಗೋಳ, ಇವತ್ತ ಅಡಗಿ ಮಾತಿಲ್ಲ, ಜಗಳದ ಮಾತು. ಓದಿ ಸಿಟ್ಟು ಬಂದ್ರ ಬರ್ಲಿ. ಮುಂದಿನ ಸಲ ಮನಿಗೆ ಬಂದಾಗ ಚಹಾ ಕುಡಕೋತ ನನ್ನ ಬೈಯ್ರಿ.

ನಮ್ಮ ತಂಗಿ ಮದುವಿ ಆಗಿದ್ದು 2004ರಾಗ. ನಿಮ್ಮೊಳಗ ಭಾಳ ಮಂದಿ ಆ ಹಂದರದಾಗ ಉಂಡು ಹೋದವ್ರು. ಆವಾಗ ಮದುವಿ ವಿಡಿಯೋ ಅಂದ್ರ ಮೂರು ವಿಸಿಡಿ. ಒಂದನೇದ್ರಾಗ ದೇವರ ಕಾರ್ಯ, ಎರಡನೇದ್ರಾಗ ಅರಿಶಿಣ, ಸುರಗಿ, ಮೂರನೇದ್ರಾಗ ಅಕ್ಕಿಕಾಳು, ಊಟ, ತಂಗಿನ್ನ ಕಳಿಸೂದು. ಎರಡನೇದ್ರಾಗ ನಮ್ಮವ್ವ ಅರಿಶಿಣ ಹಚ್ಕೋತ ಸೋಬಾನ ಪದ ಹಾಡ್ಯಾಳ. ಏಳು ನಿಮಿಷ. ಅವ್ವ ಹೋಗಿ 2011ಕ್ಕ ಆತು. ಅಕಿ ಫೋಟೋ ನಮ್ಮ ಹತ್ರ ಹತ್ತು ಹನ್ನೆರಡು ಅದಾವ. ಆದ್ರ ಅಕಿ ದನಿ ಅಂತ ಇರೂದು ಆ ಏಳು ನಿಮಿಷ ಅಷ್ಟ.

ಸಿಡಿ ಪ್ಲೇಯರ್ ಕೆಟ್ಟು ಎಷ್ಟೋ ವರ್ಷ ಆಗಿತ್ತು. ಮಗಗ ಹೇಳಿದೆ. "ನಾ ಬಂದಾಗ ಮಾಡ್ತೀನಿ ಬಿಡವ್ವಾ, ನಿನಗ ತಿಳಿಯೂದಿಲ್ಲ" ಅಂದ. ಹಂಗ ಮೂರು ದೀಪಾವಳಿ ಹೋದುವು. ಕಡೀಕ ನಾನ ಮೂರೂ ಸಿಡಿ ಚೀಲದಾಗ ಹಾಕ್ಕೊಂಡು ಒಂದು ಸ್ಟುಡಿಯೋಕ್ಕ ಹೋಗಿ ಕೊಟ್ಟು ಬಂದೆ. ಹೆಸರು ಬ್ಯಾಡ. "ಮೂರೂ ಕೂಡಿಸಿ ಎಚ್‌ಡಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀವ್ರೀ" ಅಂದ್ರು.

ವಾರ ಆದ ಮ್ಯಾಲೆ ತಂದು ಟಿವಿಗೆ ಹಚ್ಚಿ, ಓಣಿ ಹೆಣ್ಮಕ್ಕಳನ್ನೂ ಕರದು ಕೂತ್ವಿ. ಅರಿಶಿಣ ಬಂತು. ಅವ್ವ ಬಂದ್ಲು. ಅವ್ವನ ತುಟಿ ಅಲಗ್ಯಾಡ್ತಾವ, ದನಿ ಮಾತ್ರ ಯಾವುದೋ ಸಿನಿಮಾದ ಹಾಡಿಂದು! ಮೊದಲಿಂದ ಕಡೀತನಕ ಮೂಲ ದನಿ ತಗದು ಒಗದು ಸಿನಿಮಾ ಹಾಡು ತುಂಬಿದ್ರು. ಓಡಿ ಹೋಗಿ ಕೇಳಿದ್ರ, "ಗದ್ದಲ ಇತ್ತಲ್ರೀ ಅಮ್ಮಾ, ಅದಕ್ಕ ಚಂದ ಮಾಡೀವಿ" ಅಂದ್ರು. ಹಳೇ ಸಿಡಿ ಎಲ್ಲಿ ಅಂದ್ರ, "ಅವು ಇನ್ನ್ಯಾಕ್ರೀ, ಒಗದ್ವಿ" ಅಂದ್ರು.

ಅವತ್ತ ನಾ ಅತ್ತಿದ್ದು ಖರೆ. ಆದ್ರ ಮರುದಿನ ಮುಂಜಾನೆ ರೊಟ್ಟಿ ಬಡಿಕೋತ ವಿಚಾರ ಮಾಡಿದಾಗ ಸಿಟ್ಟು ಬಂದಿದ್ದು ಸ್ಟುಡಿಯೋದವನ ಮ್ಯಾಲಲ್ಲ, ನನ್ನ ಮ್ಯಾಲೆ. ಅವ್ವನ ದನಿ ಅಂಥಾ ವಸ್ತುನ್ನ ಚೀಲದಾಗ ಹಾಕಿ, ಗುರ್ತಿಲ್ಲದವರ ಕೈಯಾಗ ಕೊಟ್ಟು ಬಂದಾಕಿ ಯಾರು? ನಾನ. ಬಂಗಾರ ಕೊಟ್ಟಿದ್ರ ತೂಕ ಮಾಡಿಸಿ ಚೀಟಿ ತಗೋತಿದ್ನಲ್ಲ!

ನನ್ನ ಜಗಳ ಇಷ್ಟ. ಮನೀ ವಿಡಿಯೋ ಜೋಡಿಸೂದು, ಹಳೇದನ್ನ ಹೊಸಾ ಟಿವಿಗೆ ಫೋನಿಗೆ ನಡಿಯೂವಂಗ ಬದಲಿ ಮಾಡೂದು ನಮ್ಮ ಕೆಲಸ, ಹೆಣ್ಮಕ್ಕಳ ಕೆಲಸ. ಮಗ ಬರ್ಲಿ, ಅಳಿಯ ಬರ್ಲಿ, ಸ್ಟುಡಿಯೋದವ ಮಾಡ್ಲಿ ಅಂತ ಕೂಡೂದು ಬಿಡ್ರಿ. ಉಪ್ಪಿನಕಾಯಿ ಭರಣಿಗೆ ಹಸಿ ಕೈ ಹಚ್ಚಬಾರ್ದು ಅಂತ ಮನ್ಯಾಗ ಯಾರಿಗೆ ಗೊತ್ತಿರ್ತೈತಿ? ಕಾದು ಇಡೂದು ನಮಗ ಗೊತ್ತು. ಇದೂ ಕಾದಿಡೋ ಕೆಲಸನ.

"ನಮಗೆಲ್ಲಿ ತಿಳೀತೈತಿ, ಅದು ಕಂಪ್ಯೂಟರು" ಅಂತೀರಿ. ಕೌದಿ ಹೊಲಿಯೋರಿಗೆ ಯಾಕ ತಿಳಿಯೂದಿಲ್ಲ? ನಾನೂ ಪಿಯುಸಿ ಓದಿದಾಕಿ. ನನಗ ತಿಳಿದಷ್ಟು ನಮ್ಮ ಮಾತಿನಾಗ ಹೇಳ್ತೀನಿ.

ಎಂಪಿ4, ಎಂಕೆವಿ, ಎವಿಐ ಅಂತಾರಲ್ಲ, ಅವೆಲ್ಲಾ ಡಬ್ಬಿ ಹೆಸರು. ಒಳಗಿನ ಸಾಮಾನು ಬ್ಯಾರೆ. ಚಿತ್ರಾನ್ನ ಗಿಡ್ಡ ಮಾಡಿ ತುಂಬೋ ರೀತಿ ಒಂದು, ದನಿ ತುಂಬೋ ರೀತಿ ಇನ್ನೊಂದು. ಗುರೆಳ್ಳು ಹಿಂಡಿನ್ನ ಸ್ಟೀಲಿನ ಡಬ್ಬಿಲಿಂದ ಪ್ಲಾಸ್ಟಿಕ್ ಡಬ್ಬಿಗೆ ಸುರುವಿದ್ರ ರುಚಿ ಕೆಡ್ತೈತೇನು? ಇಲ್ಲ. ಡಬ್ಬಿ ಅಷ್ಟ ಬದಲಿ ಮಾಡೋ ಕೆಲಸ ನಿಮಿಷದಾಗ ಮುಗೀತೈತಿ, ಚಿತ್ರ ಎಳ್ಳಷ್ಟೂ ಕೆಡೂದಿಲ್ಲ. ಆದ್ರ ಒಳಗಿನ ಸಾಮಾನ ಬದಲಿ ಮಾಡಬೇಕಂದ್ರ ಮತ್ತ ಒಲಿ ಮ್ಯಾಲೆ ಇಟ್ಟು ಬೇಯಿಸಿದಂಗ. ಹೊತ್ತು ಹಿಡೀತೈತಿ, ಪ್ರತೀ ಸಲ ಚೂರು ಚೂರು ಕೆಡ್ತೈತಿ. ಕರದ ಎಣ್ಣಿ ಮತ್ತ ಮತ್ತ ಕಾಸಿದ್ರ ಏನಾಗ್ತೈತಿ ಗೊತ್ತಲ್ಲ? ಹಂಗ. ಅದಕ್ಕ ಬೇಯಿಸೂದು ಒಂದ ಸಲ, ಅದೂ ಬೇಕಂದ್ರ ಅಷ್ಟ.

ಜೋಡಿಸೂದು ಹೊಲಿಗಿ ಕೆಲಸ. ಎರಡೂ ತುಂಡು ಒಂದ ಅಳತಿ, ಒಂದ ನೇಯ್ಗಿ ಇದ್ರ ಅಂಚಿಗೆ ಅಂಚು ಹಚ್ಚಿ ಹೊಲದ್ರ ಮುಗೀತು. ಬೇಯಿಸೂದು ಬೇಕಿಲ್ಲ. ಒಂದು ಇಳಕಲ್ ಸೀರಿ ತುಂಡು, ಒಂದು ಟೆರಿಕಾಟ್ ತುಂಡು ಆದ್ರ ಜಗ್ಗತೈತಿ. ಫೋನಿನಾಗ ಉದ್ದಕ ಹಿಡದ ವಿಡಿಯೋ, ಹಳೇ ಸಿಡಿ ವಿಡಿಯೋ ಸೀದಾ ಕೂಡೂದಿಲ್ಲ ಅನ್ನೋದಕ್ಕ ಕಾರಣ ಇದ.

ಎಚ್‌ಡಿ ಮಾಡ್ತೀವಿ ಅನ್ನೋ ಮಾತಿಗೆ ಮರುಳಾಗಬ್ಯಾಡ್ರಿ. ನಮ್ಮ ಕಡೆ ವಿಸಿಡಿ ಚಿತ್ರ ಅಡ್ಡ 352 ಚುಕ್ಕಿ, ಉದ್ದ 288 ಚುಕ್ಕಿ. ಗುಣಿಸಿದ್ರ ಒಂದು ಲಕ್ಷದ ಮ್ಯಾಲೆ ಸ್ವಲ್ಪ. ಫುಲ್ ಎಚ್‌ಡಿ ಅಂದ್ರ 1920ಕ್ಕ 1080, ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಇಲ್ಲದ ಹತ್ತೊಂಬತ್ತು ಲಕ್ಷ ಚುಕ್ಕಿ ಎಲ್ಲಿಂದ ತರ್ತಾರ? ರಂಗೋಲಿ ಚುಕ್ಕಿ ಏನು ನಡುವ ಇಟ್ಟು ತುಂಬಾಕ? ಒಂದು ಪಾವು ಹಾಲಿಗೆ ಇಪ್ಪತ್ತು ಪಾವು ಆಗೋವಷ್ಟು ನೀರು ಹಾಕಿದಂಗ ಅದು. ಸಣ್ಣ ಚಿತ್ರ ಸಣ್ಣದಾಗೇ ಇರ್ಲಿ, ಖರೇ ಇರ್ಲಿ.

ಮುಂದೇನಾತು ಕೇಳ್ರಿ. ತಂಗಿಗೆ ಫೋನ್ ಹಚ್ಚಿದೆ. ಅಕಿ ಹತ್ರನೂ ಒಂದು ಜೋಡಿ ಸಿಡಿ ಇತ್ತು. "ಮೂರನೇದು ಬಾಲ್ಕನ್ಯಾಗ ಪಾರಿವಾಳ ಓಡಿಸಾಕ ಕಟ್ಟೇನಲ್ಲ ಅಕ್ಕಾ" ಅಂದ್ಲು! ನಗಬೇಕೋ ಅಳಬೇಕೋ. ಬಿಸಲಾಗ ನೇತಾಡಿ ನೇತಾಡಿ ಅದು ಬೆಳ್ಳಗ ಆಗಿತ್ತು. ಪುಣ್ಯಕ್ಕ ಒಂದನೇದು, ಎರಡನೇದು ಟ್ರಂಕಿನಾಗ ಸೀರಿ ನಡುವ ಇದ್ದುವು.

ಮಗ ಫೋನಿನಾಗ ಹೇಳ್ಕೋತ ಹೋದ, ನಾ ಹಾಲಿನ ಲೆಕ್ಕದ ವಹಿಯಾಗ ಬರಕೊಂಡೆ. ಸಿಡಿ ಒಳಗ ಎಂಪಿಇಜಿಎವಿ ಅನ್ನೋ ಫೋಲ್ಡರ್ ಇರ್ತೈತಿ, ಅದರಾಗ ಡ್ಯಾಟ್ ಅನ್ನೋ ಬಾಲ ಇರೋ ದೊಡ್ಡ ಫೈಲು. ಮೊದಲ ಅದನ್ನ ಹೆಂಗೈತಿ ಹಂಗ ಕಂಪ್ಯೂಟರಿಗೆ ಕಾಪಿ ಮಾಡಿದೆ. ಎರಡನೇ ಸಿಡಿ ನಡುವ ನಿಂತು ಬಿಡ್ತು. ಹಳೇ ಧೋತರದ ಮೆತ್ತನ್ನ ಅರಿವಿಲಿಂದ ಒರಸಿದೆ. ಗುಂಡಗ ತಿರುವಿ ಒರಸಬಾರ್ದು, ನಡುವಿನಿಂದ ಅಂಚಿಗೆ ಒರಸಬೇಕು. ಮತ್ತ ನಿಂತು ಬಿಡ್ತು. ಆಮ್ಯಾಲೆ ಮಗ್ಗಲ ಮನಿ ಹಳೇ ಕಂಪ್ಯೂಟರಿನಾಗ ಹಾಕಿದೆ, ಓದ್ತು! ಒಂದು ಡ್ರೈವ್ ಓದದ ಸಿಡಿನ್ನ ಇನ್ನೊಂದು ಓದಬಹುದು. ಅದಕ್ಕ ಒಂದ ಸಲಕ್ಕ ಕೈ ಚೆಲ್ಲಬ್ಯಾಡ್ರಿ.

ಆಮ್ಯಾಲೆ ವಿಎಲ್‌ಸಿ. ರಸ್ತೆದಾಗ ಇಡ್ತಾರಲ್ಲ ಕಿತ್ತಳಿ ಬಣ್ಣದ ಟೊಪಗಿ, ಅದ ಅದರ ಗುರ್ತು. ಪ್ಯಾರಿಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಸುರು ಮಾಡಿದ್ದಂತ. 2001ರಿಂದ ಎಲ್ಲಾರಿಗೂ ಬಿಟ್ಟಿ, ಜಾಹೀರಾತೂ ಇಲ್ಲ. ಅದರಾಗ ಮೀಡಿಯಾ ಅಂತ ಒತ್ತಿ, ಕನ್ವರ್ಟ್ ಅಂತ ಆರಿಸಿ, ಡ್ಯಾಟ್ ಫೈಲು ತೋರಿಸಿ, ಎಂಪಿ4 ಅಂತ ಆರಿಸಿ, ಎಲ್ಲಿ ಇಡಬೇಕು, ಏನು ಹೆಸರು ಅಂತ ಹೇಳಿ ಸ್ಟಾರ್ಟ್ ಒತ್ತೂದು. ಕೆಳಗಿನ ಗೆರಿ ಸರಕೋತ ಹೋಗ್ತೈತಿ. ಅದು ಮುಗಿಯೂದ್ರಾಗ ನಾ ಪಲ್ಯ ಹೆಚ್ಚಿ ಮುಗಿಸಿದ್ದೆ. ಎರಡೂ ಸಿಡಿಗೆ ಒಂದ ರೀತಿ ಆರಿಸಬೇಕು, ನೆನಪಿಡ್ರಿ. ಇಲ್ಲಂದ್ರ ಮುಂದ ಹೊಲಿಗಿ ಕೂಡೂದಿಲ್ಲ.

ಹೊಲ್ಯಾಕ ಅವಿಡೀಮಕ್ಸ್. ಅದೂ ಬಿಟ್ಟಿ. ಒಂದನೇ ಫೈಲು ತಗದು, ಅಪೆಂಡ್ ಅಂತ ಒತ್ತಿ ಎರಡನೇದು ಅದರ ಬಾಲಕ್ಕ ಹಚ್ಚೂದು. ಎಡಕ ವಿಡಿಯೋ, ಆಡಿಯೋ ಎರಡಕ್ಕೂ ಕಾಪಿ ಅಂತ ಇರ್ತೈತಿ, ಅದನ್ನ ಮುಟ್ಟಬಾರ್ದು. ಕಾಪಿ ಅಂದ್ರ ಬೇಯಿಸಬ್ಯಾಡ, ಹೊಲಿ ಅಷ್ಟ ಅಂತ. ಕೆಳಗ ಎಂಪಿ4 ಅಂತ ಡಬ್ಬಿ ಆರಿಸಿ ಸೇವ್ ಮಾಡೂದು. ಕುಕ್ಕರಿನ ಒಂದು ಸೀಟಿ ಹೊಡಿಯೂದ್ರಾಗ ಆತು.

ಮೂರನೇ ಭಾಗ ಸ್ಟುಡಿಯೋದವ್ರ ಪೆನ್‌ಡ್ರೈವಿನಾಗ ಐತಲ್ಲ, ಅದನ್ನೂ ಹಚ್ಚೂಣು ಅಂತ ನೋಡಿದೆ. ಕೂಡಲಿಲ್ಲ. ಅವ್ರು ಜಗ್ಗಿ ದೊಡ್ಡದು ಮಾಡಿದ್ರಲ್ಲ, ಅಳತಿ ಬ್ಯಾರೆ. ಬಿಟ್ಟೆ, ಬ್ಯಾರೆ ಇಟ್ಟೀನಿ. ತಂಗಿ ಅತ್ತಿದ್ದು, ಅವ್ವ ಅಕಿ ಕಿವಿಯಾಗ ಏನೋ ಹೇಳಿದ್ದು ಇನ್ನ ಸಿನಿಮಾ ಹಾಡಿನ ಕೆಳಗ ಸತ್ತಂಗ. ಅದು ತಿರುಗಿ ಬರೂದಿಲ್ಲ.

ಈಗ ನಿಮ್ಮ ಮಾತಿಗೆ ಬರ್ತೀನಿ. "ಫೋನಿನಾಗ ಆ್ಯಪ್ ಅದಾವಲ್ಲ" ಅಂತೀರಿ. ಅದಾವ. ಬಿಟ್ಟಿ ಅಂದು ಕಡೀಕ ತಮ್ಮ ಹೆಸರಿನ ಮುದ್ರಿ ಚಿತ್ರದ ಮ್ಯಾಲೆ ಒತ್ತಿ ಕೊಡೂವು ಭಾಳ ಅದಾವ. ನಮ್ಮವ್ವನ ಹಣಿಮ್ಯಾಲೆ ಕುಂಕುಮ ಇರಬೇಕು, ಕಂಪನಿ ಹೆಸರಲ್ಲ. "ಆನ್‌ಲೈನ್ ಸೈಟಿನಾಗ ಹಾಕಿದ್ರ ತಾನ ಮಾಡಿ ಕೊಡ್ತೈತಿ" ಅಂತೀರಿ. ಹಾಕೂದು ಅಂದ್ರೇನು? ಮನೀ ಹೆಣ್ಮಕ್ಕಳ ವಿಡಿಯೋ ಬ್ಯಾರೆಯವರ ಕಂಪ್ಯೂಟರಿಗೆ ಕಳಿಸೂದು. ಬಸ್ ಸ್ಟ್ಯಾಂಡಿನಾಗ ಗುರ್ತಿಲ್ಲದವನ ಕೈಯಾಗ ಮನೀ ಆಲ್ಬಮ್ ಕೊಡ್ತೀರೇನು? ನಮ್ಮ ಕಂಪ್ಯೂಟರಿನಾಗ ಕೂತು ಮಾಡೋ ಸಾಧನ ಇರುವಾಗ ಇದ್ಯಾಕ?

ಸ್ಟುಡಿಯೋದವ್ರೆಲ್ಲಾ ಕೆಟ್ಟವ್ರು ಅನ್ನೂದಿಲ್ಲ. ದಪ್ಪನ್ನ ವಿಎಚ್‌ಎಸ್ ಕ್ಯಾಸೆಟ್ ಇದ್ರ ಅವ್ರ ಹತ್ರ ಹೋಗಾಕ ಬೇಕು, ನಮ್ಮ ಹತ್ರ ಆ ಮಷೀನ್ ಎಲ್ಲೈತಿ? ಕಡೀ ವಿಸಿಆರ್ ಕಂಪನಿ 2016ರಾಗ ಮಾಡೂದು ನಿಲ್ಲಿಸ್ತು. ಇದ್ದ ಮಷೀನು ಕೆಡೂದ್ರೊಳಗ ಮಾಡಿಸ್ಕೋರಿ. ಆದ್ರ ಕೊಡುವಾಗ ಮೂರು ಮಾತು ಚೀಟ್ಯಾಗ ಬರಿಸ್ರಿ: ಹಾಡು ಹಾಕಬಾರ್ದು, ಎಲ್ಲೂ ಕತ್ತರಸಬಾರ್ದು, ಕ್ಯಾಸೆಟ್ ತಿರುಗಿ ಕೊಡಬೇಕು.

ಇನ್ನೊಂದು ಮಾತು ಕೇಳ್ದೆ, ಅದಕ್ಕ ನನಗ ಭಾಳ ಸಿಟ್ಟು ಬಂತು. "ಯಾರು ನೋಡ್ತಾರ ಹಳೇ ವಿಡಿಯೋ?" ನಾ ಹೇಳ್ತೀನಿ ಯಾರು ನೋಡ್ತಾರ. ತಂಗಿ ಮಗಳು ಹುಟ್ಟಿದ್ದು ಮದುವಿ ಆದ ಮೂರು ವರ್ಷಕ್ಕ. ಅಜ್ಜಿ ಹೋದಾಗ ಇನ್ನ ಸಣ್ಣ ಕೂಸು, ಅಜ್ಜಿ ದನಿ ಅಕಿಗೆ ನೆನಪಿಲ್ಲ. ಕಂಪ್ಯೂಟರಿನ ಮುಂದ ಕೂತು ಏಳು ನಿಮಿಷ ಕೇಳಿದ್ಲು. ಮುಗಿದ ಮ್ಯಾಲೆ, "ದೊಡ್ಡವ್ವಾ, ನೀ ಹಾಡೂದೂ ಹಿಂಗ ಅಲ್ಲ?" ಅಂದ್ಲು. ನಾ ಹಾಡೂದು ಅವ್ವನಂಗ ಅಂತ ನನಗ ಐವತ್ತು ದಾಟಿದ ಮ್ಯಾಲೆ ಗೊತ್ತಾತು.

ವಾಟ್ಸ್ಆ್ಯಪಿನಾಗ ಕಳಿಸುವಾಗ ವಿಡಿಯೋ ಅಂತ ಕಳಿಸಬ್ಯಾಡ್ರಿ, ಅದು ಹಿಂಡಿ ಸಣ್ಣದು ಮಾಡಿ ಬಿಡ್ತೈತಿ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇದ್ದದ್ದು ಇದ್ದಂಗ ಹೋಗ್ತೈತಿ. ಮಾಡಿ ಮುಗಿಸಿದ್ದು ಎರಡು ಕಡೆ ಇಡ್ರಿ, ಒಂದು ನಿಮ್ಮನ್ಯಾಗ, ಒಂದು ತವರುಮನ್ಯಾಗ. ಹಳೇ ಸಿಡಿ, ಹಳೇ ಡ್ಯಾಟ್ ಫೈಲು ಒಗೀಬ್ಯಾಡ್ರಿ. ತುಪ್ಪ ಕಾಸಿದ ಮ್ಯಾಲೆ ಹಾಲು ತಿರುಗಿ ಬರೂದಿಲ್ಲ.

ಈ ಆಯಿತವಾರ ಮಧ್ಯಾಹ್ನ ಮಲಗೂ ಬದಲಿ ಟ್ರಂಕು ತಗೀರಿ. ಎಷ್ಟು ಸಿಡಿ ಅದಾವ ಎಣಸ್ರಿ. ಬಾಲ್ಕನ್ಯಾಗ ಕಟ್ಟಿದ್ರ ಬಿಚ್ಚಿ ತರ್ರಿ. ಕಂಪ್ಯೂಟರ್ ಇಲ್ಲಂದ್ರ ನಮ್ಮನಿಗೆ ಬರ್ರಿ, ಹಾಲಿನ ಲೆಕ್ಕದ ವಹಿ ಟೇಬಲ್ ಮ್ಯಾಲೇ ಐತಿ. ಬರುವಾಗ ನಿಮ್ಮ ಹಳೇ ಧೋತರದ ಅರಿವಿ ತರ್ರಿ, ನನ್ನದು ಸವದೈತಿ.