ಒಂದು ಮಗುವಿಗಾಗಿ ಹುಟ್ಟಿದ ಕಥೆ

'ಆಲಿಸ್ ಇನ್ ವಂಡರ್‌ಲ್ಯಾಂಡ್' ಸಿನಿಮಾವನ್ನು ಟಿವಿಯಲ್ಲಿ ನೀವೂ ಮಕ್ಕಳ ಜೊತೆ ನೋಡಿರಬಹುದು. ಆ ಕಥೆ ಬರೆದ ಲೂಯಿಸ್ ಕ್ಯಾರಲ್ ಗಣಿತದ ಮಾಸ್ತರು ಅಂದ್ರೆ ನಂಬ್ತೀರಾ?

ನಿಜವಾದ ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್. 1832ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ, ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದರು. ಹನ್ನೊಂದು ಮಕ್ಕಳ ತುಂಬಿದ ಮನೆ. ತಮ್ಮ-ತಂಗಿಯರಿಗಾಗಿ ಆಟ, ಪದ್ಯ, ಕೈಬರಹದ ಪತ್ರಿಕೆ ಎಲ್ಲ ಮಾಡುತ್ತಿದ್ದರು. ಮುಂದೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಮಾತಾಡುವಾಗ ಉಗ್ಗುತ್ತಿದ್ದರು. ದೊಡ್ಡವರಾದ ಮೇಲೂ ಅದು ಹೋಗಲಿಲ್ಲ.

ಅಂಥವರು 1862ರ ಜುಲೈ 4ರಂದು ಕಾಲೇಜಿನ ಡೀನರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಆಗಿಂದಾಗ ಹೊಸೆಯುತ್ತ ಹೇಳಿದ ಕಥೆಯೇ ಇದು. ಹತ್ತು ವರ್ಷದ ಆಲಿಸ್ ಅದನ್ನು ಬರೆದುಕೊಡಿ ಅಂತ ಹಟ ಹಿಡಿದಳು. ತಾವೇ ಚಿತ್ರ ಬಿಡಿಸಿ, 1864ರಲ್ಲಿ ಕೈಬರಹದ ಪುಸ್ತಕವನ್ನು ಅವಳ ಕೈಗಿಟ್ಟರು. ಮರುವರ್ಷ ಅದೇ ಕಥೆ ಇನ್ನಷ್ಟು ಬೆಳೆದು ಅಚ್ಚಾಯಿತು.

ನಮ್ಮ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಮೂಲವೂ ಹೀಗೇ. ಅದೇ ಕಾಲದ ಕವಿ ರಾಬರ್ಟ್ ಬ್ರೌನಿಂಗ್ ಆ ಪದ್ಯ ಬರೆದದ್ದು ಕಾಯಿಲೆ ಬಿದ್ದಿದ್ದ ಗೆಳೆಯರ ಮಗನಿಗಾಗಿ. ಹಾಸಿಗೆಯಲ್ಲಿದ್ದ ಹುಡುಗ ಅದಕ್ಕೆ ಚಿತ್ರ ಬಿಡಿಸಲಿ ಅಂತ. ಕುವೆಂಪು ಜರ್ಮನಿಯ ಆ ಊರನ್ನು ತುಂಗೆಯ ದಂಡೆಗೆ ತಂದರು. ನಮ್ಮ ಮಾಸೂರಿನ ಕುಮುದ್ವತಿಯೂ ಮುಂದೆ ತುಂಗಭದ್ರೆಯನ್ನೇ ಸೇರುತ್ತಾಳೆ. ಇಲ್ಲಿನ ಮಕ್ಕಳಿಗೆ ಕಿಂದರಿಜೋಗಿ ಪರದೇಶದವನು ಅನ್ನಿಸುವುದೇ ಇಲ್ಲ.

ಇದನ್ನೆಲ್ಲ ಬರೆಯೋಕೆ ಕಾರಣ ಇದೆ. ಎರಡನೇ ಇಯತ್ತೆಯ ನನ್ನ ಮೊಮ್ಮಗನೂ ಉಗ್ಗುತ್ತಾನೆ. ಹುಡುಗರು ನಗ್ತಾರಂತ ಸಾಲ್ಯಾಗ ಬಾಯೇ ತೆರೆಯೋದಿಲ್ಲ. ಅವನಿಗೆ ಕ್ಯಾರಲ್ ಸುದ್ದಿ ಹೇಳಿದೆ.

"ಅವರೂ ನನ್ನಂಗ ಇದ್ರೇನಜ್ಜಿ?"

"ಹೌದಪಾ. ಆದ್ರೂ ಕಥಿ ಹೇಳೋದು ಬಿಡಲಿಲ್ಲ ನೋಡು."

ಈಗ ರಾತ್ರಿ ಅರ್ಧ ಕಥೆ ನನ್ನದು, ಉಳಿದರ್ಧ ಅವನದು. ಅವನು ತಡವರಿಸಿದಾಗ ಶಬ್ದ ತುಂಬಿಕೊಡೋದಿಲ್ಲ, ಸುಮ್ಮನೆ ಕಾಯ್ತೀನಿ. ಮೊನ್ನೆ ಅವನ ಕಥೆಯೊಳಗಿನ ಮೊಲ ಮದಗದ ಕೆರೆಗೆ ಹಾರಿ, ಮೀನಿನ ಹತ್ತಿರ ಲೆಕ್ಕ ಕಲಿತು ಬಂತು. ಹೇಳಿ ಮುಗಿಸೋಕೆ ಅರ್ಧ ತಾಸು ಹಿಡೀತು. ಆ ಅರ್ಧ ತಾಸಿನಲ್ಲಿ ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಮಾತಿಗೆ ಹಿಂಜರಿಯುವ ಮಗು ಇದ್ದರೆ, ಇವತ್ತು ಒಂದು ಕಥೆ ಶುರು ಮಾಡಿ. ಮುಗಿಸೋದನ್ನ ಅದಕ್ಕೇ ಬಿಡಿ.